ಕೊಂಡಪಲ್ಲಿಯ ಕಪ್ಪೆ

ಇಪ್ಪತ್ತಾರು ವರ್ಷ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಕೂತು, ಶಿಳ್ಳೆ ಊದಿ ಊದಿ ಊರಿನವರನ್ನೆಲ್ಲ ಹೊರಡಿಸಿದವನು ನಾನು. ನಾನೇ ಹೊರಟದ್ದು ಬಹಳ ಕಡಿಮೆ. ವಿಮಾನ ಹತ್ತಿದವರು ಹಿಂದಿರುಗಿ ಬಂದು ಹಿಮ ಬಿದ್ದದ್ದನ್ನೂ ಚಮಚದಲ್ಲಿ ಉಂಡದ್ದನ್ನೂ ಬರೆಯುತ್ತಾರೆ. ನನ್ನ ಪಾಲಿಗೆ ಬಂದ ಪರದೇಶ ಆಂಧ್ರ. ಅಲ್ಲಿ ಹಿಮ ಬೀಳಲಿಲ್ಲ, ಅನ್ನವನ್ನು ಕೈಯಲ್ಲೇ ಉಂಡೆ, ಕಣ್ಣಲ್ಲಿ ನೀರು ಬಂದದ್ದು ಮಾತ್ರ ನಿಜ. ಅದರಲ್ಲಿ ಸ್ವಲ್ಪ ಪಾಲು ಗೋಂಗೂರ ಚಟ್ನಿಯದು.

ಹೋದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಚಂದ್ರು ಬ್ಯಾಂಕಿನಲ್ಲಿದ್ದಾನೆ. ವರ್ಗವಾಗಿ ವಿಜಯವಾಡಕ್ಕೆ ಹೋದವನು ಹನ್ನೆರಡು ವರ್ಷದಿಂದ ಆ ಕಡೆಯೇ ಇದ್ದಾನೆ. ನಾಲ್ಕು ವರ್ಷದ ಕೆಳಗೆ ನಮ್ಮ ಅಪ್ಪ ಸೊಂಟ ಮುರಿದುಕೊಂಡು ಆರು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡರು. ಆ ಆರು ತಿಂಗಳಲ್ಲಿ ಚಂದ್ರು ಒಂದು ಸಲವೂ ಬರಲಿಲ್ಲ. ಅಪ್ಪ ಮಲಗಿದ್ದಲ್ಲೇ ಇನ್‌ಲ್ಯಾಂಡ್ ಕಾಗದ ಬರೆದು, ಅಂಟಿಸಿ ನನ್ನ ಕೈಗೆ ಕೊಡುತ್ತಿದ್ದರು. ಡ್ಯೂಟಿಗೆ ಹೋಗುವಾಗ ನಿಲ್ದಾಣದ ಮುಂದಿನ ಟಪಾಲು ಡಬ್ಬಕ್ಕೆ ಹಾಕುತ್ತಿದ್ದವನು ನಾನೇ. ಹಾಸಿಗೆಯಿಂದ ಇಷ್ಟು ಕರೆದರೂ ಬರುವುದಿಲ್ಲವಲ್ಲ ಎಂದು ಪ್ರತಿ ಕಾಗದ ಹಾಕುವಾಗಲೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಅಪ್ಪನ ತಿಥಿಯ ದಿನ ಎಲೆ ಹಾಕಿದ್ದರು. ನಂಟರೆಲ್ಲ ಕೂತಿದ್ದರು. ಚಂದ್ರು ಲೋಟಕ್ಕೆ ನೀರು ಬಡಿಸುತ್ತಾ ನನ್ನ ಮುಂದೆ ಬಂದ. ನಾನು, "ಮಲಗಿದ್ದಾಗ ಬರ್ನಿಲ್ಲ, ಊಟಕ್ಕೆ ಬಂದ್ಯಾ?" ಎಂದುಬಿಟ್ಟೆ. ಅವನು, "ಅಣ್ಣ, ಅಪ್ಪನೇ..." ಎಂದು ಬಾಯಿ ತೆಗೆದ. ನಾನು, "ಮುಚ್ಚು ಬಾಯ" ಎಂದೆ. ಚೊಂಬು ಕೆಳಗಿಟ್ಟ, ಸಂಜೆ ಬಸ್ಸಿಗೆ ಹೋದ, ಮತ್ತೆ ನಮ್ಮ ಮನೆಯ ಹೊಸಲು ತುಳಿಯಲಿಲ್ಲ.

ಈಗ ನನ್ನ ಮಗಳು ಗೀತಳಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಅವಳು ಒಂದೇ ಮಾತು ಹೇಳಿದಳು: "ಚಿಕ್ಕಪ್ಪ ಬರ್ದೆ ನಾನು ಹಸೆಮಣೆ ಮೇಲೆ ಕೂರಲ್ಲ. ಅಂಚೇಲಿ ಕಳಿಸಬ್ಯಾಡ, ನೀನೇ ಹೋಗಿ ಕರಿ." ಹಟದಲ್ಲಿ ಅವಳು ನನ್ನ ಮಗಳೇ. ಹಾಗಾಗಿ ಬರುತ್ತೇನೆಂದು ಒಂದು ಕಾಗದ ಮಾತ್ರ ಹಾಕಿ, ಪತ್ರಿಕೆಯನ್ನು ಶರಟಿನ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಬೆಜವಾಡ

ಪುಸ್ತಕದಲ್ಲಿ ವಿಜಯವಾಡ, ಬಾಯಲ್ಲಿ ಬೆಜವಾಡ. ಶಿವರಾತ್ರಿಗೆ ಚಳಿ ಹೋಗುತ್ತದೆ ಎಂದು ನಮ್ಮಲ್ಲಿ ಕಾಯುತ್ತೇವೆ. ಅಲ್ಲಿ ಚಳಿ ಬಂದ ಗುರುತೇ ಇರಲಿಲ್ಲ. ಊರಿನ ನಡುವೆ ಕೃಷ್ಣೆಯ ಕಾಲುವೆಗಳು ಹರಿಯುತ್ತವೆ. ಪ್ರತಿ ಸೇತುವೆಯ ಮೇಲೂ ಯಾರಾದರೂ ಇಬ್ಬರು ಬಗ್ಗಿ ನೀರು ನೋಡುತ್ತಾ ನಿಂತಿರುತ್ತಾರೆ. ಕಾವೇರಿ ದಡದಲ್ಲಿ ಬೆಳೆದವನಾದ್ದರಿಂದ ನಾನೂ ಬಗ್ಗಿ ನೋಡಿದೆ. ಪಕ್ಕದವನು ನನ್ನ ಮುಖ ನೋಡದೆಯೇ, "ಭೋಜನಂ ಅಯಿಂದಾ ಅಂಡಿ?" ಎಂದ. ಗುರುತಿಲ್ಲದವನನ್ನು ಊಟ ಆಯಿತೇ ಎಂದು ಕೇಳುವ ಊರು ಕೆಟ್ಟದ್ದಾಗಿರಲಾರದು ಅನ್ನಿಸಿತು.

ತಮ್ಮನ ಮನೆ ಹುಡುಕಿ ಬಾಗಿಲು ತಟ್ಟಿದೆ. ತೆಗೆದವಳು ಅವನ ಹೆಂಡತಿ ಸರೋಜ, ನಮ್ಮ ಪಾಂಡವಪುರದ ಹುಡುಗಿ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ನಗಬೇಕೋ ಬೇಡವೋ ತಿಳಿಯದೆ ನಿಂತಳು.

"ಬನ್ನಿ ಭಾವ. ನಿಮ್ಮ ಕಾಗದ ಬಂತು. ಅವ್ರು ಇಲ್ಲ."

"ಎಲ್ಲಿಗೆ ಹೋದ?"

"ಅವ್ರಿಗೆ ವೈಜಾಗಿಗೆ ವರ್ಗ ಆಗಿ ಎರಡು ತಿಂಗಳಾಯ್ತು. ಮಕ್ಕಳ ಪರೀಕ್ಷೆ ಮುಗಿಯೋವರ್ಗೂ ನಾವಿಲ್ಲಿ, ಅವ್ರಲ್ಲಿ ರೂಮು ಮಾಡ್ಕೊಂಡವ್ರೆ. ವಾರಾ ವಾರಾ ಬರೋರು." ನೆಲ ನೋಡುತ್ತಾ ಹೇಳಿದಳು: "ಈ ವಾರ ಬರಲ್ಲ ಅಂತ ಫೋನ್ ಮಾಡಿದ್ರು. ನಿಮ್ಮ ಕಾಗದ ಓದಿ ಹೇಳಿದ್ಮೇಲೆ."

ಅಂದರೆ ನಾನು ಬರುತ್ತೇನೆಂದು ತಿಳಿದೇ ಅವನು ಬಂದಿರಲಿಲ್ಲ. ನನಗೆ ರೇಗಿತು. ಬ್ಯಾಗು ಎತ್ತಿಕೊಂಡು ವಾಪಸು ಹೊರಡುವುದಕ್ಕೂ ಎದ್ದೆ. ಸರೋಜ ಬಾಗಿಲಿಗೆ ಅಡ್ಡ ಬರಲಿಲ್ಲ, ತಟ್ಟೆ ಇಟ್ಟು ಅನ್ನ ಬಡಿಸಿದಳು. ಅನ್ನದ ಮೇಲೆ ತುಪ್ಪ, ಪಕ್ಕದಲ್ಲಿ ಗೋಂಗೂರ. ಬಡಿಸಿದ ಅನ್ನ ಬಿಟ್ಟು ಏಳುವುದು ನಮ್ಮಲ್ಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಉಣ್ಣುವಾಗ ಅವಳು ಒಂದು ಉಪಾಯ ಹೇಳಿದಳು. ಚಂದ್ರುವಿಗೆ ಚಿಕ್ಕಂದಿನಿಂದ ಇದ್ದ ಮೀನು ಹಿಡಿಯುವ ಹುಚ್ಚು ಈಗ ಇನ್ನೊಂದು ಹಂತಕ್ಕೆ ಹೋಗಿತ್ತಂತೆ. ಎರೆಹುಳ ಕಟ್ಟಿ ತಳಕ್ಕೆ ಬಿಡುವ ಗಾಳ ಬಿಟ್ಟು, ನೀರಿನ ಮೇಲೆ ಮರದ ಕಪ್ಪೆ ಎಳೆದು ಕೊರವ ಮೀನು ಹಿಡಿಯುವುದನ್ನು ಕಲಿತಿದ್ದ. ಕೊರವಕ್ಕೆ ಇಲ್ಲಿಯವರು ಕೊರಮೀನು ಎನ್ನುತ್ತಾರೆ. ಒಂದು ಹೊಸ ಕಪ್ಪೆಯನ್ನು ಕೊಂಡಪಲ್ಲಿಯ ಬೊಂಬೆ ಮಾಡುವ ಆಚಾರಿಗೆ ಹೇಳಿದ್ದ. ತಂದುಕೊಡುವವರಿರಲಿಲ್ಲ.

"ನೀವು ಅದನ್ನ ತಗೊಂಡು ಹೋಗಿ ಭಾವ," ಎಂದಳು. "ನಿಮ್ಮನ್ನ ಬ್ಯಾಡ ಅನ್ನಬೌದು. ಕಪ್ಪೆನ ಬ್ಯಾಡ ಅನ್ನಲ್ಲ."

ಮದುವೆಗೆ ಕರೆಯಲು ಹೋಗುವವನು ಅರಿಶಿನ ಕುಂಕುಮ ಹಿಡಿದುಕೊಂಡು ಹೋಗುತ್ತಾನೆ. ನಾನು ಕಪ್ಪೆ ಹಿಡಿದುಕೊಂಡು ಹೋಗಬೇಕಾಯಿತು.

ಕೊಂಡಪಲ್ಲಿ

ಬಸ್ಸಿನ ಕಿಟಕಿಯಿಂದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು, ಆಮೇಲೆ ಬೆಟ್ಟ, ಬೆಟ್ಟದ ಕೆಳಗೆ ಊರು. ಬೊಂಬೆ ಮಾಡುವವರ ಬೀದಿಯಲ್ಲಿ ಪ್ರತಿ ಜಗುಲಿಯ ಮೇಲೂ ರೆಕ್ಕೆ ಇಲ್ಲದ ಗಿಳಿ, ತಲೆ ಇಲ್ಲದ ರಾಜ, ಸೊಂಡಿಲಿಗೆ ಕಾಯುತ್ತಿರುವ ಆನೆ ಒಣಗುತ್ತಿದ್ದವು. ಹುಣಸೆ ಬೀಜದ ಅಂಟು, ಮರದ ಹೊಟ್ಟು, ಬಣ್ಣ ಎಲ್ಲ ಸೇರಿದ ಒಂದು ವಾಸನೆ ಇತ್ತು.

ಆಚಾರಿಗೆ ಎಪ್ಪತ್ತರ ಮೇಲಾಗಿರಬೇಕು. ನಾನು ಬ್ಯಾಂಕಿನ ಚಂದ್ರಶೇಖರನ ಅಣ್ಣ ಎಂದದ್ದೇ ಒಳಗಿನಿಂದ ಕಪ್ಪೆ ತಂದರು. ಅಂಗೈಯಷ್ಟು ಉದ್ದ. ಪೊನಿಕಿ ಎಂಬ ಮರವಂತೆ, ಕೈಗಿಟ್ಟರೆ ತೂಕವೇ ತಿಳಿಯದು. ಕೆತ್ತಿದ್ದು ಮುಗಿದಿತ್ತು, ಬಣ್ಣ ಆಗಿರಲಿಲ್ಲ.

"ಹೀಗೇ ಕೊಡಿ," ಎಂದೆ, ನಿಲ್ದಾಣಕ್ಕೆ ಬರುವ ಆಂಧ್ರದ ಡ್ರೈವರುಗಳಿಂದ ಕಲಿತ ನನ್ನ ಮುರುಕು ತೆಲುಗಿನಲ್ಲಿ. "ಮೀನಿಗೆ ಬಣ್ಣ ಯಾಕೆ?"

ಅವರು ತಲೆಯಾಡಿಸಿದರು. ಕಣ್ಣು ಬರೆಯದೆ ಬೊಂಬೆಯನ್ನು ಮನೆ ಹೊರಗೆ ಕಳಿಸುವುದಿಲ್ಲ, ಅವರ ಅಪ್ಪನ ಕಾಲದಿಂದಲೂ ಇಲ್ಲ. ಅಷ್ಟು ಹೇಳಿ ಕುಂಚ ತೊಳೆಯಲು ಕೂತರು. ಮೊದಲು ಬೆನ್ನಿಗೆ ಹಸಿರು, ಒಣಗಬೇಕು. ಹೊಟ್ಟೆಗೆ ಬಿಳಿ, ಅದೂ ಒಣಗಬೇಕು. ನಾನು ಜಗುಲಿಯಲ್ಲಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಾ ಕೂತೆ. ಎರಡು ಸಲ ಬೆರಳಿನಿಂದ ಮುಟ್ಟಿ ಒಣಗಿದೆಯೇ ನೋಡಿದೆ. ಎರಡನೆಯ ಸಲ ಬೆನ್ನಿನ ಮೇಲೆ ನನ್ನ ಬೆರಳಿನ ಗುರುತು ಬಿತ್ತು. ಆಚಾರಿ ಬೈಯಲಿಲ್ಲ. ಗುರುತು ಉಜ್ಜಿ, ಮತ್ತೆ ಬಣ್ಣ ಹಚ್ಚಿ, ಕಪ್ಪೆಯನ್ನು ನನ್ನ ಕೈಗೆ ಎಟುಕದ ಅಟ್ಟಣೆಯ ಮೇಲಿಟ್ಟರು.

ಕೊನೆಗೆ ಕಣ್ಣು ಬರೆದು, ಬಾಯಿಗೆ ಕೆಂಪು ಗೆರೆ ಎಳೆದರು. ಕಪ್ಪೆ ನಗುತ್ತಿತ್ತು. ಗಿಳಿ, ರಾಜ, ಹಾಲು ಕರೆಯುವವಳು ಎಲ್ಲರಿಗೂ ಬರೆದು ಬರೆದು ಅವರ ಕೈಗೆ ಆ ಒಂದೇ ನಗು ಬರುತ್ತಿತ್ತು. ಮೀನು ಕಚ್ಚಲು ಬಂದಾಗಲೂ ಇದು ಹೀಗೇ ನಗುತ್ತದಲ್ಲ ಎಂದೆ. "ಕೆಳಗಿನಿಂದ ಬರುವವನಿಗೆ ಹೊಟ್ಟೆ ಮಾತ್ರ ಕಾಣುತ್ತದೆ," ಎಂದರು ಆಚಾರಿ. "ನಗು ದಡದಲ್ಲಿ ಕೂತವನಿಗೆ."

ಆಟೋನಗರ್

ಕಪ್ಪೆಗೆ ಕೊಕ್ಕೆ ಕೂರಿಸಬೇಕು, ಹೊಟ್ಟೆಗೆ ಸೀಸ ಹಾಕಬೇಕು. ಅದಕ್ಕೆ ಬೆಜವಾಡದ ಆಟೋನಗರಕ್ಕೆ ಹೋಗಿ ಎಂದು ಸರೋಜ ಕೊಕ್ಕೆಗಳ ಡಬ್ಬಿ ಕೊಟ್ಟಿದ್ದಳು. ನಮ್ಮ ಡಿಪೋದಲ್ಲಿ ಹತ್ತು ಬಸ್ಸು ಬಿಚ್ಚಿದ್ದನ್ನು ನೋಡಿದವನು ನಾನು. ಇಲ್ಲಿ ಒಂದು ಊರಿಗೆ ಊರೇ ಲಾರಿ ಬಿಚ್ಚಿ ಕೂತಿತ್ತು. ಸುತ್ತಿಗೆಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ವ್ಯಾಪಾರ ಮುಗಿಸುತ್ತಾರೆ.

ಬ್ಯಾಟರಿ ರಿಪೇರಿಯವನು ಹಳೆ ಪ್ಲೇಟಿನ ಸೀಸ ಕರಗಿಸಿ ಕಪ್ಪೆಯ ಹೊಟ್ಟೆಯ ತೂತಿಗೆ ಎರೆದ. ಪಕ್ಕದ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡಿದೆವು. ಕಪ್ಪೆ ಒಂದು ಪಕ್ಕಕ್ಕೆ ವಾಲಿಕೊಂಡು ತೇಲಿತು. ಸುತ್ತಿಗೆಗಳು ಒಂದೊಂದಾಗಿ ನಿಂತವು. ಗ್ರೀಸ್ ಹತ್ತಿದ ಆರೇಳು ತಲೆ ತೊಟ್ಟಿಯ ಸುತ್ತ ಸೇರಿದವು. ಲಾರಿಯ ಹಿಂದಿನ ಸ್ಪ್ರಿಂಗ್ ಹೇಗೆ ಕೂರಬೇಕೆಂದು ಚರ್ಚೆ ಮಾಡುವಷ್ಟೇ ಗಂಭೀರವಾಗಿ ಕಪ್ಪೆಯ ಕುಂಡೆ ಎಷ್ಟು ಮುಳುಗಬೇಕೆಂದು ಚರ್ಚೆಯಾಯಿತು. ವೆಲ್ಡರ್ ಒಬ್ಬ ಹೇಳಿದ ಮಾತು ನನಗೆ ಹೊಸದು: ಕಪ್ಪೆ ಹಗುರವಾದಷ್ಟೂ ಚೆಂದ ತೇಲುತ್ತದೆ, ಆದರೆ ಕೊರಮೀನು ಕೆಳಗಿನಿಂದ ನುಗ್ಗುವಾಗ ತನ್ನ ಮುಂದೆ ನೀರನ್ನೂ ತಳ್ಳಿಕೊಂಡು ಬರುತ್ತದೆ. ಆ ನೀರೇ ಹಗುರ ಕಪ್ಪೆಯನ್ನು ಪಕ್ಕಕ್ಕೆ ದೂಡಿಬಿಡುತ್ತದೆ, ಬಾಯಿ ಖಾಲಿ ಮುಚ್ಚುತ್ತದೆ. ನೋಡುವವನು ಮೀನು ಹೆದರಿತು ಅಂದುಕೊಳ್ಳುತ್ತಾನೆ. ಅದು ಹೆದರಿರುವುದಿಲ್ಲ, ಗುರಿ ತಪ್ಪಿರುತ್ತದೆ ಅಷ್ಟೆ.

ಮೂರನೆಯ ಸಲ ಸೀಸ ಎರೆದ ಮೇಲೆ ಕಪ್ಪೆ ಹಿಂಭಾಗ ತಗ್ಗಿಸಿ, ಮೂತಿ ಎತ್ತಿ, ನಗುತ್ತಾ ಕೂತಿತು. ಅಷ್ಟೂ ಜನ ಒಟ್ಟಿಗೆ "ಹಾಂ!" ಎಂದರು. ಮತ್ತೆ ಸುತ್ತಿಗೆಗಳು ಶುರುವಾದವು.

ಗೋದಾವರಿಯ ಮೇಲೆ

ಮರುದಿನ ಬೆಳಗಿನ ರೈಲಿನಲ್ಲಿ ವೈಜಾಗಿಗೆ, ಅಂದರೆ ವಿಶಾಖಪಟ್ಟಣಕ್ಕೆ, ಹೊರಟೆ. ಎದುರಿನ ಸೀಟಿನಲ್ಲಿ ಒಬ್ಬ ಅಜ್ಜಿ, ಅವಳ ಸೊಸೆ. ಅವರ ಬುಟ್ಟಿಯಿಂದ ಪುಳಿಹೊರ, ಅಂದರೆ ನಮ್ಮ ಪುಳಿಯೋಗರೆ, ಹೊರಬಂತು. ನನ್ನನ್ನು ಕೇಳದೆಯೇ ಒಂದು ಎಲೆ ನನ್ನ ತೊಡೆಯ ಮೇಲೂ ಬಂತು. ನಮ್ಮಲ್ಲಿ "ತಗೊಳ್ಳಿ" ಎಂದು ಮೂರು ಸಲ ಹೇಳಿ, "ಬೇಡ" ಎಂದು ಮೂರು ಸಲ ಹೇಳಿಸಿಕೊಂಡು ಆಮೇಲೆ ಕೊಡುತ್ತೇವೆ. ಅಜ್ಜಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ರಾಜಮಂಡ್ರಿಗೆ ಮುಂಚೆ ರೈಲು ಗೋದಾವರಿಯ ಸೇತುವೆ ಹತ್ತಿತು. ಡಬ್ಬಿಯ ತುಂಬ ಜನ ಎದ್ದು ಕಿಟಕಿಗೆ ಬಂದು, ಕೈಮುಗಿದು, ನಾಣ್ಯ ಎಸೆಯತೊಡಗಿದರು. ಅಜ್ಜಿ ನನ್ನ ಕೈಗೂ ಒಂದು ನಾಣ್ಯ ಇಟ್ಟಳು. ನನಗೋ ನಿಲ್ದಾಣದ ಅಭ್ಯಾಸ, ಕೈಗೆ ಬಂದದ್ದನ್ನು ತಕ್ಷಣ ಕಳಿಸಬೇಕು. ಎಸೆದೆ. ಅದು ಸೇತುವೆಯ ಕಬ್ಬಿಣಕ್ಕೆ ಟಣ್ ಎಂದು ಬಡಿದು ವಾಪಸು ಬಂದು ಸೊಸೆಯ ಪುಳಿಹೊರದ ಎಲೆಗೆ ಬಿತ್ತು. ಡಬ್ಬಿಯೆಲ್ಲ ನಕ್ಕಿತು. ಅಜ್ಜಿ ನಾಣ್ಯ ಒರೆಸಿ ಮತ್ತೆ ಕೊಟ್ಟು, ನನ್ನ ಮಣಿಕಟ್ಟು ಹಿಡಿದುಕೊಂಡಳು. ಒಂದು ಕಂಬ ಹೋಯಿತು, ಇನ್ನೊಂದು ಹೋಯಿತು, ನಡುವಿನ ಬಯಲು ಬಂದಾಗ ಕೈ ಬಿಟ್ಟಳು. ನಾಣ್ಯ ನೀರಿಗೆ ಬಿತ್ತು. ಅಪ್ಪನನ್ನು ನೆನೆಸಿಕೊಂಡೆ. ಹೊಳೆ ಕಂಡ ಕೂಡಲೇ ಗಾಳ ಹಾಕುವ ಜಾಗ ಹುಡುಕುತ್ತಿದ್ದ ಮನುಷ್ಯ ಅವರು.

ಅವರು ನಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಕಲಿಸಿದ್ದು ಒಂದೇ ಪಾಠ. ದಾರಕ್ಕೆ ನವಿಲುಗರಿಯ ದಂಟಿನ ಬೆಂಡು ಕಟ್ಟಿ ನೀರಿಗೆ ಬಿಡಬೇಕು. ಬೆಂಡು ತೇಲುತ್ತಿರುತ್ತದೆ. ಅದು ಮುಳುಗಿತೋ, ಎಳಿ. ಕಣ್ಣು ಮಿಟುಕಿಸಿದರೆ ಮೀನು ಹುಳ ತಿಂದುಕೊಂಡು ಹೋಗಿರುತ್ತದೆ. ಕಾವೇರಿಯಲ್ಲಿ ಆ ಪಾಠ ನನ್ನನ್ನು ಎಂದೂ ಬರಿಗೈಯಲ್ಲಿ ಕಳಿಸಿರಲಿಲ್ಲ. ನಿಲ್ದಾಣದಲ್ಲೂ ಅದರಲ್ಲೇ ನೌಕರಿ ಮಾಡಿದೆ. ಮನೆಯಲ್ಲೂ ಅದರಲ್ಲೇ ಬಾಳಿದೆ.

ವಿಶಾಖಪಟ್ಟಣ

ಚಂದ್ರುವಿನ ರೂಮು ಸಿಂಹಾಚಲಂಗೆ ಹೋಗುವ ದಾರಿಯಲ್ಲಿತ್ತು. ಬಾಗಿಲು ತೆಗೆದವನು ನನ್ನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಕಿವಿಯ ಮೇಲೆ ಕೂದಲು ನರೆತಿತ್ತು. ನನ್ನ ತಮ್ಮನಿಗೆ ನರೆತದ್ದು ನನಗೆ ತಿಳಿದೇ ಇರಲಿಲ್ಲ. ಬಾಯಲ್ಲಿ ಬಂದದ್ದು ಮಾತ್ರ ಬೇರೆ.

"ಕಪ್ಪೆ ತಂದಿವ್ನಿ," ಎಂದೆ.

ಕಾಗದ ಬಿಚ್ಚಿ ನೋಡಿದ. ಬೆರಳಲ್ಲಿ ಕೊಕ್ಕೆ ಮುಟ್ಟಿದ, ಹೊಟ್ಟೆಯ ಸೀಸ ಮುಟ್ಟಿದ, ನಗು ನೋಡಿದ. "ಆಚಾರಿ ಎಲ್ಲದಕ್ಕೂ ಇದೇ ಮೂತಿ ಬರೀತಾರೆ," ಎಂದ. "ಲೋಪಲಿಕಿ ರಾ..." ಎಂದು ತೆಲುಗಿನಲ್ಲೇ ಅಂದವನು ತಡೆದು, "ಒಳಕ್ಕೆ ಬಾ ಅಣ್ಣ," ಎಂದ.

ಅವನೇ ಕಾಫಿ ಮಾಡಿದ. ಸರೋಜ ಹೇಗಿದಾಳೆ, ಮಕ್ಕಳು ಓದುತ್ತಿದಾವಾ ಎಂದು ಕೇಳಿದ, ನಾನೇ ಆ ಮನೆಯವನು ಎನ್ನುವ ಹಾಗೆ. ಗೀತಳ ಮಾತು ಅವನೂ ತೆಗೆಯಲಿಲ್ಲ. ಜೇಬಿನ ಪತ್ರಿಕೆ ನನ್ನ ಎದೆಗೆ ಚುಚ್ಚುತ್ತಿತ್ತು. ಇನ್ನು ತಡೆಯಲಾಗದೆ, "ನೋಡ್ಲಾ, ಹಳೇದೆಲ್ಲಾ ಬಿಟ್ಟಾಕು. ಮದ್ವೆಗೆ ಬರ್ತೀಯೋ ಇಲ್ವೋ, ಒಂದು ಮಾತಲ್ಲಿ ಹೇಳು," ಎಂದೆ.

ಅವನ ಮುಖ ಬಿಗಿದುಕೊಂಡಿತು. ಲೋಟ ತೊಳೆಯಲು ಎದ್ದ. ಬಹಳ ಹೊತ್ತು ತೊಳೆದ.

"ಬೆಳಿಗ್ಗೆ ಕೆರೆಗೆ ಹೋಗಾನ," ಎಂದ, ಬೆನ್ನು ತಿರುಗಿಸಿಕೊಂಡೇ. "ಕಪ್ಪೆ ನೋಡಬೇಕು."

ಬೆಟ್ಟದ ಹಿಂದಿನ ಕೆರೆ

ಸಿಂಹಾಚಲಂ ಬೆಟ್ಟದ ಹಿಂದೆ ತಾವರೆ ತುಂಬಿದ ಒಂದು ಕೆರೆ ಇದೆ. ಮೇಲೆ ನರಸಿಂಹಸ್ವಾಮಿಯ ಗುಡಿಗೆ ಬಸ್ಸುಗಳು ಸುತ್ತಿ ಸುತ್ತಿ ಹತ್ತುವುದು ಕೇಳುತ್ತದೆ. ಆ ಸ್ವಾಮಿ ವರ್ಷದ ಎಲ್ಲ ದಿನವೂ ಮೈತುಂಬ ಗಂಧ ಮೆತ್ತಿಸಿಕೊಂಡಿರುತ್ತಾನೆ, ವೈಶಾಖದಲ್ಲಿ ಒಂದೇ ದಿನ ನಿಜ ಮುಖ ತೋರಿಸುತ್ತಾನೆ ಎಂದು ಚಂದ್ರು ಹೇಳಿದ. ಆ ಒಂದು ದಿನಕ್ಕಾಗಿ ಜನ ವರ್ಷವೆಲ್ಲ ಕಾಯುತ್ತಾರಂತೆ. ನನ್ನಂಥವನು ಅಲ್ಲಿ ಪೂಜಾರಿಯಾಗಿದ್ದರೆ ಎರಡನೆಯ ದಿನವೇ ಗಂಧ ಕೆರೆಯುತ್ತಿದ್ದೆ.

ಎಳೆಬಿಸಿಲು. ದಡದಲ್ಲಿ ಒಬ್ಬ ಮುದುಕ ಎಮ್ಮೆ ತೊಳೆಯುತ್ತಿದ್ದ. ಚಂದ್ರು ಮೊದಲು ನೀರಿನ ಮೇಲೆ ಕಣ್ಣಾಡಿಸಿದ. ಒಂದು ಮೂಲೆಯಲ್ಲಿ ಕೆಂಪು ಕೆಂಪಾಗಿ ಮರಿಗಳ ಗುಂಪು ಕುದಿಯುತ್ತಿತ್ತು. "ಅಲ್ಲಿ ಬ್ಯಾಡ," ಎಂದ. "ಮರಿ ಕೆಳಗೆ ಅಪ್ಪ ಅವ್ವ ಎರಡೂ ಇರ್ತವೆ. ಏನು ಬಿದ್ರೂ ಹೊಡೀತವೆ, ತಿನ್ನಾಕಲ್ಲ, ಓಡಿಸಾಕೆ. ಅವನ್ನ ಹಿಡಿದ್ರೆ ಅಷ್ಟು ಮರಿನೂ ಬೇರೆ ಮೀನಿನ ಪಾಲು." ನಾವು ಎದುರು ದಡಕ್ಕೆ ಹೋದೆವು.

ಕೋಲು ನನ್ನ ಕೈಗೆ ಕೊಟ್ಟ. ತಾವರೆಯ ಎಲೆಯ ಆಚೆಗೆ ಕಪ್ಪೆಯನ್ನು ಎಸೆದು, ಮೆಲ್ಲಗೆ ಎಲೆಯ ಮೇಲಕ್ಕೆ ಎಳೆದು, ಅಂಚಿನಿಂದ ನೀರಿಗೆ ಜಾರಿಸಬೇಕು. ಜಾರಿದ ಮೇಲೆ ಮುಟ್ಟಬಾರದು. ಉಂಗುರ ಉಂಗುರವಾಗಿ ಅಲೆ ಹರಡಿ ಸಾಯುವವರೆಗೂ ಸುಮ್ಮನಿರಬೇಕು. ಆಮೇಲೆ ಒಂದು ಸಣ್ಣ ಅದುರು, ಮತ್ತೆ ಸುಮ್ಮನೆ. ನಾನು ಹಾಗೇ ಮಾಡಿದೆ. ಎರಡನೆಯ ಅದುರಿಗೆ ದೂರದ ಎಲೆಯೊಂದು ತಾನಾಗಿ ಅಲುಗಿತು. ನೀರಿನಲ್ಲಿ ಒಂದು ಗೆರೆ ಕಪ್ಪೆಯ ಕಡೆಗೆ ಬಂತು, ಬಂದು ನಿಂತಿತು.

ಆಮೇಲೆ ನೀರು ಸಿಡಿಯಿತು. ಕಲ್ಲು ಎತ್ತಿ ಹಾಕಿದಷ್ಟು ಸದ್ದು. ಐವತ್ತು ವರ್ಷದ ಪಾಠ ನನ್ನ ತೋಳಿನಲ್ಲಿತ್ತು. ಎಳೆದೆ.

ಕಪ್ಪೆ ಗಾಳಿಯಲ್ಲಿ ಹಾರಿ ಬಂದು ನನ್ನ ಹೆಗಲ ಹತ್ತಿರ ಶರಟಿಗೆ ಕಚ್ಚಿಕೊಂಡಿತು. ಎಮ್ಮೆ ತೊಳೆಯುತ್ತಿದ್ದ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕು, "ಆಗಾಲಂಡಿ, ಆಗಾಲಿ" ಎಂದ. ನಿಲ್ಲಬೇಕು, ನಿಲ್ಲಬೇಕು ಅಂತ.

ಚಂದ್ರು ಕೊಕ್ಕೆ ಬಿಡಿಸುತ್ತಾ ನನ್ನ ಹೆಗಲಿಗೆ ಮುಖ ಹತ್ತಿರ ತಂದ. ನಾಲ್ಕು ವರ್ಷದಲ್ಲಿ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. "ಸದ್ದಿಗೆ ಎಳೀಬಾರದು ಅಣ್ಣ," ಎಂದ. "ನನಗೂ ಒಂದು ವರ್ಷ ಬೇಕಾಯ್ತು ಇದನ್ನ ಕಲಿಯಾಕೆ. ಅಪ್ಪ ಹೇಳಿಕೊಟ್ಟ ಬೆಂಡಿನ ಲೆಕ್ಕ ಇಲ್ಲಿ ನಡೆಯಲ್ಲ. ಬೆಂಡು ಮುಳುಗ್ತು ಅಂದ್ರೆ ಆಗ್ಲೇ ಬಾಯಲ್ಲಿ ಐತೆ. ನೀರು ಸಿಡೀತು ಅಂದ್ರೆ ಮೀನು ಬಂತು ಅಂತ ಅಷ್ಟೇ, ಬಾಯಿಗೆ ತಗೊಂತು ಅಂತ ಅಲ್ಲ. ಒಂದೊಂದ್ಸಲ ಬಾಯೇ ತೆಗೆದಿರಲ್ಲ, ಬಾಲದಲ್ಲಿ ಬಡಿದು ನೋಡ್ತದೆ. ಕಣ್ಣನ್ನ ನಂಬಬ್ಯಾಡ, ಕೈನ ನಂಬು. ಕೋಲಿನ ತುದಿ ಮೀನಿನ ಕಡೆಗೆ ತಗ್ಗಿಸು. ದಾರ ಬಿಗಿಯಾಗಿ ಭಾರ ಕೈಗೆ ಬರ್ಬೇಕು. ಬಂದ್ಮೇಲೆ ಒಂದು ಎರಡು ಮೂರು ಎಣಿಸಿ ಎಳಿ."

"ತಪ್ಪಿಸಿಕೊಂಡ್ರೆ?"

"ತಪ್ಪಿದ್ರೆ ಕಪ್ಪೆನ ಅಲ್ಲೇ ಬಿಡು. ಸತ್ತಂಗೆ ಬಿಡು. ಗುರಿ ತಪ್ಪಿದ್ದು ತಿರುಗಿ ಬತ್ತದೆ. ನಾವು ಗಾಬರಿಯಾಗಿ ಎಳೆದುಕೊಂಡ್ರೆ ತಾನೇ ಅದಕ್ಕೆ ಗೊತ್ತಾಗೋದು, ಇದು ಕಪ್ಪೆಯಲ್ಲ ಅಂತ."

ಕೊಕ್ಕೆ ಬಿಡಿಸಿಯಾಯಿತು, ಅವನು ಇನ್ನೂ ಶರಟು ಹಿಡಿದೇ ಇದ್ದ. ನನ್ನ ಜೇಬಿನಿಂದ ಲಗ್ನಪತ್ರಿಕೆಯ ಅರಿಶಿನ ಹಚ್ಚಿದ ಮೂಲೆ ಇಣುಕುತ್ತಿತ್ತು. ಅವನು ಅದನ್ನು ನೋಡಿದ. ಹೇಳಿಬಿಡು ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ನಿನ್ನೆ ಸಂಜೆಯ ಬಿಗಿದ ಮುಖ ನೆನಪಾಗಿ ನುಂಗಿಕೊಂಡೆ. ಮತ್ತೆ ಕಪ್ಪೆ ಎಸೆದೆ, ಎಲೆಯ ಮೇಲೆ ತಂದೆ, ಜಾರಿಸಿದೆ, ಸುಮ್ಮನೆ ಕೂತೆ.

ಇಬ್ಬರೂ ಕಪ್ಪೆಯನ್ನೇ ನೋಡುತ್ತಿದ್ದೆವು. ಅದು ಬಿಸಿಲಿನಲ್ಲಿ ನಗುತ್ತಾ ಕೂತಿತ್ತು. ಮೇಲೆ ಬೆಟ್ಟದ ತಿರುವಿನಲ್ಲಿ ಒಂದು ಬಸ್ಸು ಗೇರು ಬದಲಿಸಿತು.

"ಅಣ್ಣ, ಆವತ್ತು ಎಲೆ ಮುಂದೆ..." ಎಂದ ಚಂದ್ರು.

ಆವತ್ತು ನಾನೂ ಸುಸ್ತಾಗಿದ್ದೆ, ಆವತ್ತು ನೀನೂ ಹಾಗೆ ಬರಬಾರದಿತ್ತು, ಹೀಗೆ ಹತ್ತು ಮಾತು ನನ್ನ ಬಾಯಿಗೆ ನುಗ್ಗಿ ಬಂದವು. ಹಲ್ಲು ಕಚ್ಚಿಕೊಂಡೆ. ಒಂದು ಎಂದು ಎಣಿಸಿದೆ. ಎರಡು.

"ಅಪ್ಪನೇ ಬರಬ್ಯಾಡ ಅಂದಿದ್ರು ಅಣ್ಣ. ಆರು ಕಾಗದದಲ್ಲೂ ಅದನ್ನೇ ಬರೆದಿದ್ರು. ನನಗೆ ಬಾಯಿಪಾಠ ಆಗೈತೆ. 'ನಾನು ಹಿಂಗೆ ಮಲಗಿರೋದನ್ನ ನೀನು ನೋಡಬ್ಯಾಡ. ಎದ್ದು ಓಡಾಡಂಗಾದ ಮೇಲೆ ಬಾ. ಮೂರು ಜನನೂ ಹೊಳೆಗೆ ಹೋಗಾನ...'"

ಆ ಕ್ಷಣಕ್ಕೆ ನೀರು ಸಿಡಿಯಿತು. ಕಪ್ಪೆ ಇದ್ದ ಜಾಗದಲ್ಲಿ ಒಂದು ಗುಂಡಿ ಬಿದ್ದು ಮುಚ್ಚಿಕೊಂಡಿತು. ದಾರ ಬಿಗಿಯಾಯಿತು. ಕೋಲು ನನ್ನ ಕೈಯಲ್ಲಿ ಬಾಗಿತು, ಭಾರ ಬಂತು, ಜೀವ ಇರುವ ಭಾರ.

"ಅಣ್ಣ, ಮೀನು! ಬಾಯಿಗೆ ತಗೊಂಡದೆ! ಎಳಿ!"

"ಇರ್ಲಿ," ಎಂದೆ. "ನೀನು ಹೇಳು."

ಅವನು ನನ್ನ ಮುಖ ನೋಡಿದ. ಕೋಲು ಬಾಗೇ ಇತ್ತು. ಮೀನು ದಾರ ಎಳೆದುಕೊಂಡು ತಾವರೆಯ ದಂಟುಗಳ ನಡುವೆ ಹೋಗುತ್ತಿತ್ತು. ಎಮ್ಮೆಯ ಮುದುಕ ಎದ್ದು ನಿಂತು ಈಗ ಎಳೆಯಿರಿ ಎಂದು ಎರಡೂ ಕೈಯಲ್ಲಿ ಸನ್ನೆ ಮಾಡುತ್ತಿದ್ದ.

"ಕೊನೇ ಕಾಗದದಲ್ಲಿ ಇನ್ನೊಂದು ಮಾತಿತ್ತು," ಎಂದ ಚಂದ್ರು. "'ನಿಮ್ಮಣ್ಣ ಬೈದ್ರೆ ಎದುರಾಡಬ್ಯಾಡ. ನನ್ನ ಎತ್ತಿ ಎತ್ತಿ ಇಳಿಸಿ ಅವನಿಗೆ ಸುಸ್ತಾಗೈತೆ. ತಾಯಿ ನೋಡ್ಕೊಂಡಂಗೆ ನೋಡ್ಕೊಂತಾವ್ನೆ.' ಆವತ್ತು ನೀನು ಮುಚ್ಚು ಬಾಯ ಅಂದಾಗ ಅದು ನೆನಪಾಯ್ತು. ಮುಚ್ಚಿಕೊಂಡೆ. ಆಮೇಲೆ ತೆಗೆಯಾಕೆ ಆಗ್ನೇ ಇಲ್ಲ."

ಆ ಕಾಗದಗಳನ್ನು ಡಬ್ಬಕ್ಕೆ ಹಾಕಿದವನು ನಾನು. ಆರನ್ನೂ. ಒಂದೊಂದನ್ನೂ ತಮ್ಮನಿಗೆ ಶಾಪ ಹಾಕುತ್ತಾ ಹಾಕಿದ್ದೆ. ತಾಯಿಯ ಹಾಗೆ ನೋಡಿಕೊಳ್ಳುತ್ತಾನೆ ಎಂಬ ಮಾತು ಆ ಅಂಟಿಸಿದ ಮಡಿಕೆಯೊಳಗೆ ನನ್ನ ಅಂಗೈಯಲ್ಲೇ ಇತ್ತು. ಅಪ್ಪ ನನ್ನ ಮುಂದೆ ಒಂದು ದಿನವೂ ಅದನ್ನು ಹೇಳಲಿಲ್ಲ. ನಾನು ಅತ್ತೆ. ತಮ್ಮನ ಮುಂದೆಯೂ ಆ ಮುದುಕನ ಮುಂದೆಯೂ ನಾಚಿಕೆಯಿಲ್ಲದೆ ಅತ್ತೆ. ತಪ್ಪಾಯ್ತು ಕಣ್ಲಾ ಎಂದೆ. ಅವನು ನನ್ನ ಕೈಯ ಮೇಲೆ ಕೈಯಿಟ್ಟು, ನಾನು ಬೀಳಿಸಲಿದ್ದ ಕೋಲನ್ನು ಹಿಡಿದುಕೊಂಡ.

ದಾರ ಸಡಿಲವಾಯಿತು. ಮೀನು ಬಿಟ್ಟುಹೋಗಿತ್ತು. ಸ್ವಲ್ಪ ಹೊತ್ತಿಗೆ ಎಲೆಗಳ ನಡುವಿನಿಂದ ಕಪ್ಪೆ ಮೇಲೆ ಬಂತು. ಹಸಿರು ಬಣ್ಣದ ಮೇಲೆ ಬಿಳಿ ಗೀರುಗಳು ಬಿದ್ದಿದ್ದವು, ನಗು ಹಾಗೇ ಇತ್ತು. ನಾನು ಕಣ್ಣೊರೆಸಿಕೊಂಡು ದಾರ ಸುತ್ತಲು ಹೋದೆ.

"ಬಿಡು ಅಣ್ಣ," ಎಂದ ಚಂದ್ರು. "ಅಲ್ಲೇ ಇರ್ಲಿ. ತಿರುಗಿ ಬತ್ತದೆ."

ಕೂತೆವು. ಅಲೆಗಳು ಹರಡಿ ಸತ್ತವು. ಮುದುಕ ನಮ್ಮಿಬ್ಬರನ್ನೂ ಕೈಬಿಟ್ಟು ಎಮ್ಮೆಯ ಬೆನ್ನು ಉಜ್ಜಲು ಹೋದ. ಎಷ್ಟು ಹೊತ್ತಾಯಿತೋ ಗಡಿಯಾರ ನೋಡಲಿಲ್ಲ.

"ಧಾರೆ ಎಷ್ಟು ಗಂಟೆಗೆ?" ಎಂದ ಅವನು, ಕಪ್ಪೆಯ ಮೇಲಿನ ಕಣ್ಣು ತೆಗೆಯದೆ.

ಮೈಸೂರಿಗೆ ಎಷ್ಟಕ್ಕೆ, ಮಂಡ್ಯಕ್ಕೆ ಎಷ್ಟಕ್ಕೆ ಎಂದು ಕೇಳಿದವರಿಗೆಲ್ಲ ತಲೆ ಎತ್ತದೆ ಹೊತ್ತು ಹೇಳಿ ಜೀವನ ಕಳೆದವನು ನಾನು. ಇದೊಂದು ಹೊತ್ತನ್ನು ಮಾತ್ರ ಬಾಯಲ್ಲಿ ಹೇಳಲಿಲ್ಲ. ಜೇಬಿನಿಂದ ಪತ್ರಿಕೆ ತೆಗೆದು ಅವನ ಕೈಗಿಟ್ಟೆ. ಅವನು ಅದನ್ನು ತೆರೆದು, ಬೆರಳಿಟ್ಟುಕೊಂಡು, ಮೊದಲ ಸಾಲಿನಿಂದ ಓದತೊಡಗಿದ. ನಾನು ಕಾದೆ.